ಘಾಟು ಬಾರದ ಒಲೆ

ಅಮಾವಾಸ್ಯೆಯ ದಿನ. ಮಧ್ಯಾಹ್ನ ಒಂದು ಗಂಟೆಗೆ ಹತ್ತು ನಿಮಿಷ ಇತ್ತು. ನಾನು ಹಾವೇರಿಯಲ್ಲಿ ಒಂದು ಪತ್ರಿಕಾಗೋಷ್ಠಿಗೆ ಹೋಗಿದ್ದೆ. ಮಾತಾಡಬೇಕಾದವರು ಇನ್ನೂ ಬಂದಿರಲಿಲ್ಲ, ಉಪ್ಪಿಟ್ಟು ಬಂದಿತ್ತು. (ನಮ್ಮ ಕೆಲಸದಲ್ಲಿ ಇದೇ ಕ್ರಮ.) ಜೇಬಿನಲ್ಲಿ ಫೋನ್ ನಡುಗಿತು. ಬ್ಯಾಡಗಿಯ ಮನೆಯಿಂದ ಅವ್ವ.

ಅವ್ವ ಹಗಲು ಹೊತ್ತಿನಲ್ಲಿ ಫೋನ್ ಮಾಡುವವಳಲ್ಲ. ಎದ್ದು ಹೊರಗೆ ಬಂದೆ.

"ಘಾಟ ಬಂತಪಾ," ಅಂದಳು. ದನಿಯಲ್ಲಿ ಹಬ್ಬ ಇತ್ತು.

"ಏನಂದಿ?"

"ಘಾಟ ಬಂತು. ಕೂಸಿಂದು ದೃಷ್ಟಿ ಹೋತು. ಒಂಬತ್ತ ದಿನದ ಮ್ಯಾಲ ಇವತ್ತ ಬಂತು ನೋಡು. ಎದಿ ಹಗರಾತು."

"ಹೆಂಗ ಬಂತವ್ವ?"

"ಹೆಂಗಂದ್ರ? ಆ ಕೊಳವಿ ಹಿಡಿಕಿ ತಿರುವಿ ಮುಚ್ಚಿದೆ. ಬಂತು."

ನನ್ನ ಕೈಯಲ್ಲಿ ಇನ್ನೂ ಉಪ್ಪಿಟ್ಟಿನ ಪ್ಲೇಟಿತ್ತು. ಅದನ್ನು ಕಿಟಕಿಯ ಮೇಲಿಟ್ಟೆ. ಆ ಹಿಡಿಕೆ ಇರುವ ಕೋಣೆಯಲ್ಲಿ ನನ್ನ ಮಗಳು ಮಲಗಿದ್ದಳು. ಅವಳ ಪಕ್ಕದಲ್ಲಿ ಹತ್ತೊಂಬತ್ತು ದಿನದ ಕೂಸು ಮಲಗಿತ್ತು. ಬಾಗಿಲು ಹಾಕಿತ್ತು. ಕಿಟಕಿಯ ಸಂದಿಗೆಲ್ಲ ಹಳೆ ಸೀರೆ ತುರುಕಿತ್ತು. ಒಲೆಯಲ್ಲಿ ಕೆಂಡವಿತ್ತು.

ಅವ್ವನ ಒಳ್ಳೆಯ ಸುದ್ದಿ ನನಗೆ ಯಾಕೆ ಕೆಟ್ಟ ಸುದ್ದಿಯಾಯಿತು ಎಂದು ಹೇಳಬೇಕಾದರೆ ಒಲೆಯಿಂದ ಶುರು ಮಾಡಬೇಕು. ಉದ್ದವಾದರೆ ಕ್ಷಮೆ ಇರಲಿ. ಈ ವಾರದ ಅಂಕಣದಲ್ಲಿ ಏನನ್ನೂ ಕತ್ತರಿಸುವ ಹಕ್ಕು ನನಗಿಲ್ಲ.

ಮಗಳು ಸವಿತಾಳನ್ನು ಮೇಡ್ಲೇರಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ, ತವರಿಗೆ ಬಂದಿದ್ದಳು. ಕೂಸು ಲೆಕ್ಕಕ್ಕಿಂತ ಮೂರು ವಾರ ಮುಂಚೆ ಬಂತು. ಪುಷ್ಯದ ಚಳಿ. ತೂಕ ಕಡಿಮೆ. ಅಂಗೈಯಲ್ಲಿ ಹಿಡಿದರೆ ಹಕ್ಕಿಯನ್ನು ಹಿಡಿದ ಹಾಗೆ. ಹತ್ತು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡರು. ಮನೆಗೆ ಹೋದ ಮೇಲೆ ಏನು ಮಾಡಬೇಕೆಂದು ಡಾಕ್ಟರು ಮೊದಲ ದಿನವೇ ಎರಡು ಮಾತು ಹೇಳಿದ್ದರು. ಕೂಸನ್ನು ಬೆಚ್ಚಗಿಡಿ. ಹೊಗೆ ತಾಗಿಸಬೇಡಿ.

ಅವ್ವ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಳು.

ನಮ್ಮ ಕಡೆ ಬಾಣಂತನ ಅಂದರೆ ಗೊತ್ತಲ್ಲ? ಕೋಣೆ ಕತ್ತಲಾಗಿರಬೇಕು. ಗಾಳಿ ಆಡಬಾರದು. ಮಲಗುವ ಹೊರಸಿನ ಬುಡಕ್ಕೆ ಕೆಂಡದ ಅಗ್ಗಿಷ್ಟಿಗೆ ಇಡಬೇಕು. ಬಿಸಿ ಬಿಸಿ ನೀರು ಹಾಕಿ, ಕಿವಿಗೆ ಬಟ್ಟೆ ಕಟ್ಟಿ, ಲೋಬಾನದ ಹೊಗೆ ಹಿಡಿಯಬೇಕು. ಅವ್ವ ಅಗ್ಗಿಷ್ಟಿಗೆಯನ್ನು ಅಟ್ಟದಿಂದ ಇಳಿಸಿ, ತೊಳೆದು, ಬಿಸಿಲಿಗಿಟ್ಟಿದ್ದಳು.

"ಕೋಣ್ಯಾಗ ಕೆಂಡ ಇಡಬಾರದು ಅವ್ವ," ಅಂದೆ.

"ನೀ ಹುಟ್ಟಿದಾಗ ನಾನೂ ಹೊರಸಿನ ಬುಡಕ ಇಟ್ಟಿದ್ನಿ. ಸತ್ತೀಯೇನು?"

"ಇಲ್ಲ."

"ಮತ್ತ? ಸತ್ತಾವ ಬಂದು ಹೇಳಿದ್ರ ಕೇಳತೇನಿ."

ಹಾವೇರಿಗೆ ಹೋಗಿ ಒಂದು ಎಲೆಕ್ಟ್ರಿಕ್ ಹೀಟರ್ ತಂದೆ. ತಂದ ದಿನವೇ ಮೂರು ತಾಸು ಕರೆಂಟ್ ಹೋಯಿತು. ಬಂದ ಮೇಲೆ ಅವ್ವ ಅದರ ಮುಂದೆ ಅರ್ಧ ತಾಸು ಕೂತು, ಮೊಣಕಾಲು ಕಾಸಿಕೊಂಡು, ತೀರ್ಪು ಕೊಟ್ಟಳು: "ಕರೆಂಟಿನ ಶಾಖ ತೊಗಲಿಗೆ ಹತ್ತತೈತಿ, ಎಲುಬಿಗೆ ಹತ್ತೂದಿಲ್ಲ."

ಆಗ ಒಬ್ಬ ಗೆಳೆಯ ಫೋನಿನಲ್ಲಿ ಒಂದು ಚಿತ್ರ ತೋರಿಸಿದ. ಚಳಿ ದೇಶಗಳಲ್ಲಿ ಬಳಸುವ ಕಬ್ಬಿಣದ ಒಲೆ, ಅಲ್ಮೇರಾದಷ್ಟು ದೊಡ್ಡದು. ಕಟ್ಟಿಗೆ ಹಾಕಿದರೆ ಮೇಲೆ ಅಡುಗೆ, ಪಕ್ಕದಲ್ಲಿ ನೀರು, ಮನೆಗೆಲ್ಲ ಶಾಖ. ಹೊಗೆಯೆಲ್ಲ ಕೊಳವೆಯಲ್ಲಿ ಹೊರಗೆ. ಅವ್ವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿದಳು.

"ಇದನ್ನ ತಂದ್ರ ಕೋಣಿ ಹೊರಗ ಇಟ್ಟು, ಬಾಣ್ತಿನ್ನ ಇದರೊಳಗ ಮಲಗಸಬೇಕು."

ಆದರೂ ವಿಚಾರ ಸರಿಯಿತ್ತು. ಸಣ್ಣದೊಂದು ಮಾಡಿಸಬಹುದಲ್ಲ? ರಾಣೆಬೆನ್ನೂರಿಗೆ ಹೋದೆ.

ಅಲ್ಲಿ ಖಾದರ್ ಸಾಹೇಬರ ವೆಲ್ಡಿಂಗ್ ಅಂಗಡಿ ಇದೆ. ಕೂರಿಗೆ, ಟ್ರೇಲರ್, ಗೇಟು, ಏನು ಬೇಕಾದರೂ ಮಾಡುತ್ತಾರೆ. ಅರವತ್ತು ದಾಟಿದೆ. ಕಡಿಮೆ ಮಾತು. ನಾನು ಚಿತ್ರ ತೋರಿಸಿದರೆ ಚಿತ್ರ ನೋಡಲಿಲ್ಲ. ನನ್ನನ್ನೇ ಕೇಳತೊಡಗಿದರು. ಕೋಣೆ ಎಷ್ಟು ಅಡಿ? ಸೂರು ಎಷ್ಟು ಎತ್ತರ? ಗಾಳಿ ಯಾವ ಕಡೆಯಿಂದ? ಗೋಡೆ ಮಣ್ಣಿನದೋ, ಇಟ್ಟಿಗೆಯದೋ? ಏನು ಸುಡುತ್ತೀರಿ?

"ಕಾಳು ತಗದ ಗೋವಿನಜೋಳದ ಬೆಂಡು. ಜಾಲಿ ಇದ್ದಿಲು," ಅಂದೆ.

"ಬ್ಯಾಡಗಿಯವರು ನೀವು. ಮೆಣಸಿನಕಾಯಿ ತೊಟ್ಟ ಹಾಕೂದಿಲ್ಲಲ್ಲ?"

"ಇಲ್ಲ."

"ಎಲ್ಲಾರೂ ಇಲ್ಲ ಅಂತಾರ್ರಿ. ಒಲಿ ಮಾಡೂದು ಸರಳ, ಸಾಹೇಬ್ರ. ಮನಿ ಮಂದಿ ಅದರಾಗ ಏನ ಒಗೀತಾರ ಅನ್ನೂದು ತಿಳಿಯೂದ ಕಷ್ಟ."

ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಮೇಲೆ ಎರಡು ಪಾತ್ರೆ ಕೂರುವ ಬಾಯಿ. ಎಡಕ್ಕೆ ನೀರಿನ ಡಬ್ಬಿ, ಅದಕ್ಕೊಂದು ನಲ್ಲಿ. ಮುಂದೆ ಬಾಗಿಲು. ಹಿಂದಿನಿಂದ ಕೊಳವೆ. ಕೊಳವೆಯಲ್ಲಿ ಎದೆಮಟ್ಟಕ್ಕೆ ಒಂದು ಹಿಡಿಕೆ. ಅದನ್ನು ತಿರುಗಿಸಿದರೆ ಒಳಗಿನ ತಗಡು ಅಡ್ಡ ಬಂದು ಉರಿ ನಿಧಾನವಾಗುತ್ತದೆ, ಶಾಖ ನಿಲ್ಲುತ್ತದೆ. ಆ ತಗಡಿನ ಅಂಚಿನಲ್ಲಿ ಎರಡು ಬೆರಳಿನಷ್ಟು ಕಿಂಡಿ.

"ಪೂರಾ ಮುಚ್ಚಿದ್ರೂ ಇಷ್ಟು ತೆರೆದಿರತೈತಿ," ಅಂದರು. "ಕೆಂಡ ಆದಮ್ಯಾಲ ಹೊಗಿ ಕಣ್ಣಿಗೆ ಕಾಣೂದಿಲ್ರಿ. ಆದ್ರ ಇರತೈತಿ. ಮೂಗಿಗೂ ಗೊತ್ತಾಗೂದಿಲ್ಲ. ಮಲಗಿದಾವ ಮಲಗಿದಂಗ ಹೋಗ್ತಾನ."

ನನಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಚ್ಚಿದ ಕೋಣೆ, ಇದ್ದಿಲು, ಬೆಳಿಗ್ಗೆ ಏಳದವರು: ಇಂಥ ಸುದ್ದಿಗಳನ್ನು ನಾನೇ ಬರೆದಿದ್ದೇನೆ. ತಲೆ ಆಡಿಸಿದೆ.

ಬಾಣಂತಿ ಕೋಣೆ ಅಂದರೆ ನಮ್ಮ ಹಳೆಯ ಅಡುಗೆಮನೆ. ಗ್ಯಾಸ್ ಬಂದ ಮೇಲೆ ಅಡುಗೆ ಮುಂಭಾಗಕ್ಕೆ ಹೋಗಿ, ಇದು ಕಾಳುಕಡಿ ಇಡುವ ಕೋಣೆಯಾಗಿತ್ತು. ಬಚ್ಚಲು ಪಕ್ಕದಲ್ಲೇ ಇದೆ. ಗೋಡೆಯ ಮೇಲ್ಗಡೆ ಹಳೆಯ ಹೊಗೆಗಿಂಡಿಯೂ ಇದೆ. ತಾಯಿ-ಕೂಸು ಇನ್ನೂ ಆಸ್ಪತ್ರೆಯಲ್ಲಿರುವಾಗಲೇ ಖಾದರ್ ಸಾಹೇಬರು ಒಲೆಯನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದರು. ಕೊಳವೆಯನ್ನು ಕಿಂಡಿಯಿಂದ ಹಾಯಿಸಿ, ಸುತ್ತ ಮಣ್ಣು ಮೆತ್ತಿ, ಹೊರಗೆ ಮಾಳಿಗೆಗಿಂತ ಮೂರಡಿ ಎತ್ತರಕ್ಕೆ ನಿಲ್ಲಿಸಿ, ತುದಿಗೆ ಟೊಪ್ಪಿಗೆ ಹಾಕಿದರು. ಅವ್ವ ಒಲೆಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯುವವರೆಗೆ ಬೆಂಕಿ ಕಡ್ಡಿ ಗೀರಲು ಬಿಡಲಿಲ್ಲ. ಖಾದರ್ ಸಾಹೇಬರು ಚಪ್ಪಲಿ ಬಿಟ್ಟು ಪಕ್ಕಕ್ಕೆ ನಿಂತು ಕಾದರು.

ಹಸಿ ಹುಲ್ಲು ಹಾಕಿ ಹೊತ್ತಿಸಿದರು. ಕೋಣೆಯಲ್ಲಿ ಒಂದು ಎಳೆ ಹೊಗೆ ಇಲ್ಲ. ಎಲ್ಲ ಮಾಳಿಗೆಯ ಮೇಲೆ.

"ಹೊಗಿ ಎಲ್ಲಿ ಹೋತು?" ಅವ್ವ ಕೇಳಿದಳು. ತುಸು ಅನುಮಾನ ಇತ್ತು.

"ಮ್ಯಾಲ ಹೋತ್ರಿ, ಅಮ್ಮಾರ."

"ಮ್ಯಾಲ ಹೋದದ್ದು ಒಳ್ಳೇದಾತು ಬಿಡ್ರಿ. ನಾ ಹೋಗೂಮಟ ದಾರಿ ಸ್ವಚ್ಛ ಆಗಿರತೈತಿ."

ಅವತ್ತೇ ನಾನು ಒಂದು ಹಾಳೆಯಲ್ಲಿ ಐದು ನಿಯಮ ಬರೆದು ಗೋಡೆಗೆ ಅಂಟಿಸಿದೆ. ತೊಟ್ಟು ಸುಡಬಾರದು. ಬೂದಿ ದಿನಾ ತೆಗೆಯಬೇಕು. ನೀರಿನ ಡಬ್ಬಿ ಖಾಲಿ ಬಿಡಬಾರದು. ಒಲೆಯ ಬಾಗಿಲು ತೆರೆದಿಟ್ಟು ಹೋಗಬಾರದು. ಬೆಂಕಿ ಇದ್ದಾಗ ಹಿಡಿಕೆ ಮುಚ್ಚಬಾರದು. ಚಿಕ್ಕ ವಾಕ್ಯಗಳು. ಇಪ್ಪತ್ತೆಂಟು ವರ್ಷ ಸುದ್ದಿ ತಿದ್ದಿದ ಕೈ, ಒಂದು ಶಬ್ದ ಹೆಚ್ಚಿರಲಿಲ್ಲ.

ಇಲ್ಲಿಯವರೆಗೆ ತಪ್ಪಿಲ್ಲ. ಮುಂದಿನದು ನನ್ನದು.

ಬೆಂಕಿ ಇಲ್ಲದ ರಾತ್ರಿ ಆ ಎರಡು ಬೆರಳಿನ ಕಿಂಡಿಯಿಂದ ಚಳಿಗಾಳಿ ಇಳಿಯುತ್ತಿತ್ತು. ಅವ್ವ ಒಲೆಯ ಬಾಯಿಗೆ ಅಂಗೈ ಹಿಡಿದು ನೋಡಿ, ನನ್ನ ಕೈಯನ್ನೂ ಹಿಡಿಸಿದಳು. "ಇದು ಬಾಣ್ತಿ ಕಿವ್ಯಾಗ ಹೊಕ್ಕರ ಸಾಯೂಮಟ ತಲಿ ಹಿಡಕೊಂಡ ಕುಂದ್ರತಾಳ." ಎರಡು ದಿನ ಇದೇ ಮಾತು. ಮೂರನೆಯ ದಿನ ನಾನು ತಗಡನ್ನು ಬಿಚ್ಚಿಕೊಂಡು ನಮ್ಮ ಊರಿನ ಒಂದು ವೆಲ್ಡಿಂಗ್ ಅಂಗಡಿಗೆ ಹೋದೆ. ಕಿಂಡಿಗೆ ತುಂಡು ಬೆಸೆಯಿಸಿದೆ. ಹತ್ತು ನಿಮಿಷದ ಕೆಲಸ. ಖಾದರ್ ಸಾಹೇಬರಿಗೆ ಹೇಳಲಿಲ್ಲ. ಬೆಂಕಿ ಇಲ್ಲದಾಗ ಮುಚ್ಚುತ್ತೇವೆ, ಇದ್ದಾಗ ತೆರೆಯುತ್ತೇವೆ. ಬೆಂಕಿ ಇರುವಾಗ ಯಾರು ಮುಚ್ಚುತ್ತಾರೆ? ಹೀಗೆ ಯೋಚಿಸಿದೆ.

ಕೂಸು ಮನೆಗೆ ಬಂತು. ಕೋಣೆ ಹದವಾಗಿ ಬೆಚ್ಚಗಿತ್ತು. ಒಲೆಯ ಮೇಲೆ ಬೆಳ್ಳುಳ್ಳಿ ಸಾರು ಕುದಿಯುತ್ತಿತ್ತು, ಡಬ್ಬಿಯಲ್ಲಿ ನೀರು ಕಾಯುತ್ತಿತ್ತು. ಹೊಗೆ ಇಲ್ಲ. ಡಾಕ್ಟರ ಎರಡೂ ಮಾತು ನಡೆದಿದ್ದವು. ನಾನು ಬೀಗಿದೆ.

ಸಂಜೆ ದೀಪ ಹಚ್ಚಿದ ಮೇಲೆ ಅವ್ವ ಕೂಸಿನ ದೃಷ್ಟಿ ತೆಗೆದಳು. ಮೂರು ಒಣಮೆಣಸಿನಕಾಯಿ, ಒಂದು ಹಿಡಿ ಉಪ್ಪು, ಸಾಸಿವೆ. ಕೂಸಿಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕಿ ಬಾಗಿಲು ಮುಚ್ಚಿದಳು. ಆಮೇಲೆ ಮೂಗೆತ್ತಿ ನಿಂತಳು.

ನಿಮ್ಮ ಮನೆಯಲ್ಲೂ ಈ ಲೆಕ್ಕ ಇರುತ್ತದೆ. ಸುಟ್ಟ ಮೆಣಸಿನಕಾಯಿ ಘಾಟು ಬಂದರೆ ದೃಷ್ಟಿ ಇಲ್ಲ. ಬಾರದಿದ್ದರೆ ದೃಷ್ಟಿ ಆಗಿದೆ. ಘಾಟು ಎಷ್ಟು ಕಡಿಮೆಯೋ ದೃಷ್ಟಿ ಅಷ್ಟು ಹೆಚ್ಚು.

ಘಾಟು ಬರಲಿಲ್ಲ. ಎಲ್ಲಿಂದ ಬರಬೇಕು? ಹೊಗೆಯ ಜೊತೆ ಅದೂ ಕೊಳವೆ ಹತ್ತಿ ಮಾಳಿಗೆಯ ಮೇಲೆ ಹೋಗಿತ್ತು.

"ಘಾಟ ಬರವಲ್ದಲಾ," ಅಂದಳು ಅವ್ವ, ಯಾರಿಗೂ ಅಲ್ಲದ ಹಾಗೆ.

ನಾನು ಬಾಗಿಲಲ್ಲಿ ನಿಂತಿದ್ದೆ. ನನಗೆ ಕಾರಣ ಗೊತ್ತಿತ್ತು. ನಗು ಬಂತು. ಒಳಗೆ ಹೋದೆ.

ಎರಡನೆಯ ದಿನ ಐದು ಕಾಯಿ. ಮೂರನೆಯ ದಿನ ಒಂಬತ್ತು. ಏನೂ ಇಲ್ಲ. ಊರು ಬ್ಯಾಡಗಿ, ಕಾಲ ಮೆಣಸಿನಕಾಯಿ ಮಾರುಕಟ್ಟೆ ತುಂಬುವ ಕಾಲ. ಬೀದಿಯಲ್ಲಿ ಹೋಗುವ ನಾಯಿಯೂ ಸೀನುತ್ತಿತ್ತು. ನಮ್ಮ ಮನೆಯ ಆ ಒಂದು ಕೋಣೆಯಲ್ಲಿ ಮಾತ್ರ ಘಾಟಿಲ್ಲ. ನಾಲ್ಕನೆಯ ದಿನ ಅವ್ವ ಕಾಯಿಯನ್ನೇ ದೂರಿದಳು. "ನಮ್ಮೂರ ಕಾಯಾಗ ಬಣ್ಣ ಐತಿ, ಖಾರ ಎಲ್ಲೈತಿ? ಗುಂಟೂರ ಕಾಯಿ ತೊಗೊಂಡ ಬಾ." ತಂದುಕೊಟ್ಟೆ. (ಬ್ಯಾಡಗಿಯಲ್ಲಿ ನಿಂತು ಗುಂಟೂರು ಕಾಯಿ ಕೇಳಿದರೆ ಅಂಗಡಿಯವನು ಹೇಗೆ ನೋಡುತ್ತಾನೆ ಅಂತ ನೀವೇ ಊಹಿಸಿ.) ಅದಕ್ಕೂ ಘಾಟು ಬರಲಿಲ್ಲ.

ಇದನ್ನು ಆಫೀಸಿನಲ್ಲಿ ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದಿನಾ ಬೆಳಿಗ್ಗೆ ಕೇಳತೊಡಗಿದರು, "ಸರ್, ನಿನ್ನೆ ಎಷ್ಟಕ್ಕೇರಿತು?" ನಾನು ಡೈರಿಯಲ್ಲಿ ಬರೆದಿಟ್ಟುಕೊಂಡೆ: ಈ ವಾರದ ಅಂಕಣ, ಚಿಮಣಿ ಮತ್ತು ದೃಷ್ಟಿ. ಇನ್ನೂ ನಾಲ್ಕು ದಿನ ಹೋಗಲಿ, ಕಥೆ ಬೆಳೆಯಲಿ ಅಂದುಕೊಂಡೆ.

ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ. ಅವ್ವ ಊಟ ಕಡಿಮೆ ಮಾಡಿದ್ದಳು. ಕೂಸು ಹಾಲು ಬಿಟ್ಟು ಮುಖ ತಿರುಗಿಸಿದರೆ ಎದೆ ಹಿಡಿದುಕೊಳ್ಳುತ್ತಿದ್ದಳು. ಯಾರ ಕಣ್ಣು ಬಿದ್ದಿರಬಹುದು ಎಂದು ಬಂದವರನ್ನೆಲ್ಲ ಲೆಕ್ಕ ಹಾಕಿ, ಕೊನೆಗೆ ಪಕ್ಕದ ಮನೆಯ ಲಲಿತಾಳ ಮೇಲೆ ಬಂದು ನಿಂತಳು. ಲಲಿತಾ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಕೂಸು ಬಂದ ದಿನ ನೋಡಿ, "ಬೆಣ್ಣಿ ಮುದ್ದಿ ಇದ್ದಂಗ ಐತಲ್ರಿ" ಅಂದಿದ್ದಳು. ಅಷ್ಟೇ ಅವಳ ಅಪರಾಧ. ಅವ್ವ ಆರನೆಯ ದಿನ ಅವಳಿಗೆ ಹೊಸ್ತಿಲಲ್ಲೇ ಹೇಳಿದಳು, "ಹೆಸರಿಡೂಮಟ ಈ ಕಡೆ ಬರಬ್ಯಾಡವಾ." ಲಲಿತಾ ತಿರುಗಿ ತನ್ನ ಮನೆಗೆ ಹೋದಳು. ನನಗೆ ಕೆಟ್ಟದೆನಿಸಿತು. ಆದರೂ ಸುಮ್ಮನಿದ್ದೆ.

ಒಂಬತ್ತನೆಯ ದಿನ ಅಮಾವಾಸ್ಯೆ. ನನ್ನ ಹೆಂಡತಿ ತೊಟ್ಟಿಲ ಬಟ್ಟೆ ತರಲು ರಾಣೆಬೆನ್ನೂರಿಗೆ ಹೋಗಿದ್ದಳು. ನಾನು ಹಾವೇರಿಯಲ್ಲಿದ್ದೆ. ನೀರು ಹಾಕಿಸಿಕೊಂಡು ಮಗಳು ಮಲಗಿದ್ದಳು, ಕೂಸೂ ಮಲಗಿತ್ತು. ಮನೆಯಲ್ಲಿ ಎಚ್ಚರ ಇದ್ದವಳು ಅವ್ವ ಒಬ್ಬಳೇ.

ಅವ್ವ ದಡ್ಡಿಯಲ್ಲ. ಒಂಬತ್ತು ದಿನ ಆ ಒಲೆಯ ಮುಂದೆ ಕೂತು ಆಲೋಚನೆ ಮಾಡಿದ್ದಳು. ಘಾಟನ್ನು ಹಿಡಿದು ನಿಲ್ಲಿಸಿ ನೋಡಬೇಕು ಎಂದು ಅವಳಿಗೇ ಹೊಳೆದಿದೆ. ಕೆಂಡ ನಿಗಿನಿಗಿ ಇದ್ದಾಗ ಗುಂಟೂರು ಕಾಯಿ ಹಾಕಿ, ಹಿಡಿಕೆ ತಿರುಗಿಸಿ, ಒಲೆಯ ಬಾಗಿಲನ್ನು ಬೆರಳಷ್ಟು ತೆರೆದಳು. ಸವಿತಾಳ ಮುಖಕ್ಕೆ ಸೆರಗು ಹೊದಿಸಿ, ಕೂಸಿನ ಮೂಗಿಗೆ ತನ್ನ ಅಂಗೈ ಅಡ್ಡ ಹಿಡಿದಳು. ಘಾಟು ಬಂತು. ತಾನು ಕೆಮ್ಮಿದಳು. ಸವಿತಾಳೂ ನಿದ್ದೆಯಲ್ಲೇ ಕೆಮ್ಮಿದಳು. ಕೂಸು ಎರಡು ಸಲ ಸೀನಿತು.

ಅವ್ವನಿಗೆ ಅಷ್ಟು ಸಾಕಾಗಿತ್ತು. ಒಲೆಯ ಬಾಗಿಲು ಹಾಕಿದಳು. ಬೆಚ್ಚಗಿರಲಿ ಎಂದು ಅದಕ್ಕೂ ಮುಂಚೆ ಇನ್ನೊಂದು ಬುಟ್ಟಿ ಇದ್ದಿಲು ಸುರಿದಿದ್ದಳು. ಕೋಣೆಯ ಬಾಗಿಲನ್ನೂ ಎಳೆದುಕೊಂಡು ಹೊರಗೆ ಬಂದು ಒಂಬತ್ತು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು. ಆಮೇಲೆ ನನಗೆ ಫೋನ್ ಮಾಡಿದಳು.

"ಹಿಡಿಕಿ ಈಗ ತಗದೀಯೇನು?" ಕೇಳಿದೆ.

"ಯಾಕ ತಗೀಲಿ? ಚಲೋ ಬೆಚ್ಚಗಾಗೇತಿ."

"ಮುಚ್ಚಿ ಎಷ್ಟು ಹೊತ್ತಾತು?"

"ಉಂಡ್ನೆಲಾ. ಒಂದ ತಾಸು ಆಗಿರಬೇಕು."

"ಅವ್ವ, ಈಗ ಒಳಗ ಹೋಗು. ಫೋನ್ ಇಡಬ್ಯಾಡ. ಬಾಗಿಲಾ ಕಿಟಕಿ ಎಲ್ಲಾ ತಗಿ. ಹಿಡಿಕಿ ತಿರುವು. ಕೂಸಿನ್ನ ಎತಗೊಂಡು ಅಂಗಳಕ್ಕ ಬಾ. ಸವಿತಾನ್ನ ಎಬ್ಬಸು."

"ನಿನಗ ಹುಚ್ಚ ಹಿಡದೈತೇನು? ನೀರ ಹಾಕಿದ ಬಾಣ್ತಿ. ಗಾಳಿ ಹೊಡೀತೈತಿ."

"ಅವ್ವ."

ನಾನು ದನಿ ಏರಿಸಲಿಲ್ಲ. ಏರಿಸಿದರೆ ಅವಳು ವಾದಕ್ಕೆ ನಿಲ್ಲುತ್ತಾಳೆ ಎಂದು ಗೊತ್ತು.

"ಅವ್ವ, ಒಳಗ ಉಸುರ ಇಲ್ಲ. ಹೋಗು."

ಅವಳ ಕಾಲಿನ ಸಪ್ಪಳ ಕೇಳಿಸಿತು. ಮೊಣಕಾಲು ನೋವಿನವಳು, ಒಂದು ಹೆಜ್ಜೆ ಭಾರ, ಒಂದು ಹಗುರ. ಬಾಗಿಲು ಕಿರುಗುಟ್ಟಿತು. "ಸವಿತಾ," ಅಂದಳು. ಮತ್ತೆ, "ಸವಿತಾ, ಏಳವಾ." ಮೂರನೆಯ ಸಲ ಕರೆದಾಗ ದನಿ ಬೇರೆಯಾಗಿತ್ತು. ಉತ್ತರ ಇರಲಿಲ್ಲ. ಏನೋ ಬಿದ್ದ ಸದ್ದು. ಫೋನ್ ಕಟ್ಟಾಯಿತು.

ಮತ್ತೆ ಮಾಡಿದೆ. ಎತ್ತಲಿಲ್ಲ. ಲಲಿತಾಳಿಗೆ ಮಾಡಿದೆ. ಎರಡು ಸಲ ರಿಂಗಾಗಿ ನಿಂತಿತು. ಮೂರನೆಯ ಸಲ ಎತ್ತಿದಳು. ಅಮಾವಾಸ್ಯೆಗೆ ಕೆಲಸ ಇರಲಿಲ್ಲ, ಮನೆಯಲ್ಲೇ ಇದ್ದಳು.

"ಲಲಿತಾ, ಓಡಿ ನಮ್ಮ ಮನಿಗೆ ಹೋಗು. ಬಾಣ್ತಿ ಕೋಣಿಗೆ."

"ಅಮ್ಮಾರು ಬರಬ್ಯಾಡ ಅಂದಾರಲ್ರಿ."

"ನಾ ಹೇಳಾಕತ್ತೇನಿ, ಹೋಗು."

"ಆಮ್ಯಾಲ ನನ್ನ ಮ್ಯಾಲ ಬರಬಾರ್ದು ನೋಡ್ರಿ. ಮೊದಲ ನನ್ನ ಕಣ್ಣ ಕೆಟ್ಟ ಅಂದಾರ."

ಅವಳದು ನ್ಯಾಯವಾದ ಮಾತು. ಆ ಮಾತಿಗೆ ಐದು ಸೆಕೆಂಡ್ ಹೋದವು. ಆ ಐದು ಸೆಕೆಂಡನ್ನು ಅವಳ ಬಾಯಲ್ಲಿ ಇಟ್ಟವನು ನಾನು.

"ಲಲಿತಾ, ಕೂಸು ಸಾಯಾಕತ್ತೈತಿ," ಅಂದೆ.

ಫೋನ್ ಹಾಗೇ ಇಟ್ಟು ಓಡಿದಳು. ಅವಳ ಮನೆಯ ಟಿವಿಯ ಸದ್ದು ನನ್ನ ಕಿವಿಗೆ ಬರುತ್ತಲೇ ಇತ್ತು.

ಬೈಕ್ ಹತ್ತಿದೆ. ಹಾವೇರಿಯಿಂದ ಬ್ಯಾಡಗಿಗೆ ದಾರಿ ನನಗೆ ಕಣ್ಣು ಮುಚ್ಚಿದರೂ ಬರುತ್ತದೆ. ಹೆದ್ದಾರಿಯಲ್ಲಿ ಮೆಣಸಿನಕಾಯಿ ಚೀಲದ ಲಾರಿಗಳು ಸಾಲಾಗಿ ಹೊರಟಿದ್ದವು, ಹಿಂದೆ ಹೋಗುವವರ ಕಣ್ಣಲ್ಲಿ ನೀರು ತರಿಸುತ್ತ. ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಒಂದು ತಾಸು. ಒಂದು ಬುಟ್ಟಿ ಇದ್ದಿಲು. ಹತ್ತಡಿ ಕೋಣೆ. ಹಕ್ಕಿಯಷ್ಟು ತೂಕದ ಕೂಸು. ಎಂಥ ಸುದ್ದಿಯಲ್ಲೂ ಯಾರು, ಏನು, ಎಲ್ಲಿ, ಯಾವಾಗ ಎಂದು ಕೇಳುವುದು ನನ್ನ ಅಭ್ಯಾಸ. ಅವತ್ತು ನಾಲ್ಕಕ್ಕೂ ಉತ್ತರ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಕೂಸು ಇದೆಯೋ, ಇಲ್ಲವೋ?

ಮೋಟೆಬೆನ್ನೂರಿನ ಹತ್ತಿರ ಅವ್ವನ ನಂಬರಿನಿಂದ ಫೋನ್ ಬಂತು. ರಸ್ತೆ ಬದಿಗೆ ನಿಲ್ಲಿಸಿದೆ. ಎತ್ತಿದೆ.

"ಸರ," ಅಂದಳು ಲಲಿತಾ. ಏದುಸಿರು. "ಕೂಸು ಅತ್ತೈತ್ರಿ."

"ಸವಿತಾ?"

"ಕಣ್ಣ ತಗದಾಳ್ರಿ. ವಾಂತಿ ಮಾಡಕೊಂಡಾಳ. ಏನೋ ಬಡಬಡಸಾಕತ್ತಾಳ. ಆಟೋ ಬಂತ್ರಿ, ದವಾಖಾನಿಗೆ ಹೊಂಟೇವಿ. ಅಮ್ಮಾರು ಸವಿತಾನ್ನ ಹಿಡಕೊಂಡಾರ, ಕೂಸು ನನ್ನ ಕಡೆನ ಐತಿ."

ಕೂಸು ಅವಳ ಕಡೆಯೇ ಇತ್ತು. ಆಸ್ಪತ್ರೆಯ ಬಾಗಿಲವರೆಗೆ ಅವಳೇ ಎದೆಗವಚಿಕೊಂಡು ಹೋದಳು.

ಮೂರು ದಿನ ಇಟ್ಟುಕೊಂಡರು. ಮೊದಲ ರಾತ್ರಿಯೆಲ್ಲ ಇಬ್ಬರಿಗೂ ಆಕ್ಸಿಜನ್. ಮಗಳಿಗೆ ತಲೆ ಸಿಡಿಯುವ ನೋವು ಎರಡು ದಿನ ಬಿಡಲಿಲ್ಲ. ಕೂಸು ಮರುದಿನ ಮಧ್ಯಾಹ್ನ ಹಾಲಿಗೆ ಬಾಯಿ ಹಾಕಿತು. ಡಾಕ್ಟರು ನನ್ನನ್ನು ಕರೆದು ಕೂಡಿಸಿ, "ಇನ್ನೊಂದು ಅರ್ಧ ಗಂಟೆ..." ಎಂದು ಶುರು ಮಾಡಿ, ನನ್ನ ಮುಖ ನೋಡಿ, ಮುಗಿಸಲಿಲ್ಲ. ಈಗ ಇಬ್ಬರೂ ಆರಾಮ ಇದ್ದಾರೆ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ನೀವು ಆತಂಕಪಡುವುದು ಬೇಡ.

ಖಾದರ್ ಸಾಹೇಬರಿಗೆ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. ಮರುದಿನ ಬಸ್ಸಿನಲ್ಲಿ ಬಂದರು. ಕೈಯಲ್ಲಿ ಒಂದು ಚೀಲ. ಕೊಳವೆ ಬಿಚ್ಚಿ ತಗಡು ಹೊರತೆಗೆದು, ಬೆಸೆದ ತುಂಡನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

"ಸಾಹೇಬ್ರ, ನಾ ಕಿಂಡಿ ಬಿಟ್ಟದ್ದು ತಗಡ ಕಡಿಮಿ ಬಿದ್ದಿತ್ತಂತ ಅಲ್ಲ."

"ಗೊತ್ತು."

"ಗೊತ್ತಿಲ್ದಾವ ಮಾಡಿದ್ರ ಬೈಬಹುದಿತ್ತು," ಅಂದರು. "ನಿಮಗ ಏನಂತ ಬೈಲಿ?"

ಹೊಸ ತಗಡು ಹಾಕಿದರು. ಈ ಸಲದ ಕಿಂಡಿ ಮೂರು ಬೆರಳಿನದು. ಕೋಣೆಯ ಬಾಗಿಲ ಬುಡದಲ್ಲೂ ಗಾಳಿ ಆಡಲು ಒಂದು ಪಟ್ಟಿ ಕತ್ತರಿಸಿದರು. ಕಿಟಕಿಯ ಮೇಲಿನ ಸಂದಿಯಿಂದ ಸೀರೆಯ ತುಂಡುಗಳನ್ನು ತಾವೇ ಎಳೆದು ತೆಗೆದು, ಮಡಚಿ, ಅವ್ವನ ಕೈಗೆ ಕೊಟ್ಟರು. ಅವ್ವ ತೆಗೆದುಕೊಂಡಳು. ಗಾಳಿಯ ಮಾತು ಎತ್ತಲಿಲ್ಲ. ಲಲಿತಾ ಆ ಹೊತ್ತಿಗೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕೂಸಿನ ಬಟ್ಟೆ ಮಡಚುತ್ತಿದ್ದಳು. ಅವ್ವ ಅವಳಿಗೆ ಕ್ಷಮೆ ಕೇಳಿದ್ದನ್ನು ನಾನು ಕೇಳಿಲ್ಲ. ಚಹಾ ಕೊಡುವಾಗ ಮೊದಲ ಕಪ್ಪು ಅವಳಿಗೆ ಹೋದದ್ದನ್ನು ನೋಡಿದೆ.

ಖಾದರ್ ಸಾಹೇಬರು ಹೋದ ಮೇಲೆ ಅವ್ವ ಒಲೆಯ ಮುಂದೆ ಕೂತಳು. ಗೋಡೆಗೆ ಅಂಟಿಸಿದ ನನ್ನ ಹಾಳೆಯತ್ತ ನೋಡುತ್ತಿದ್ದಳು.

"ಇದರಾಗ 'ಮುಚ್ಚಬಾರದು' ಅಂತ ಬರದಿ. 'ಯಾಕ' ಅಂತ ಬರದಿಲ್ಲಲ್ಲ?"

"ಬರೀಬೇಕಿತ್ತು."

"ಈಗರ ಹೇಳು."

ಹೇಳಿದೆ. ಕೆಂಡ ಏನು ಬಿಡುತ್ತದೆ, ಅದು ಯಾಕೆ ಕಾಣುವುದಿಲ್ಲ, ಕೊಳವೆ ಯಾಕೆ ತೆರೆದಿರಬೇಕು. ಹೊಗೆ ಮೇಲೆ ಹೋದರೆ ಮೆಣಸಿನಕಾಯಿ ಘಾಟೂ ಅದರ ಜೊತೆಗೇ ಹೋಗುತ್ತದೆ, ಕೋಣೆಗೆ ಬರುವುದಿಲ್ಲ ಎಂದೂ ಹೇಳಿದೆ. ಐದು ನಿಮಿಷ ಹಿಡಿಯಿತು. ಎಲ್ಲಿಯೂ ಅವಳಿಗೆ ಅರ್ಥವಾಗದ ಮಾತಿರಲಿಲ್ಲ.

"ಅಂದ್ರ ಅಲ್ಲಿ ದೃಷ್ಟಿ ಇರಲಿ, ಬಿಡಲಿ. ಘಾಟ ಅಂತೂ ಬರ್ತಿದ್ದಿಲ್ಲ."

"ಹೌದು."

"ಹತ್ತ ಕಾಯಿ ಹಾಕಿದ್ರೂ, ಚೀಲಗಟ್ಟಲೆ ಸುರಿದ್ರೂ."

"ಹೌದು."

"ಇದು ನಿನಗ ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಮೊದಲನೇ ದಿನ."

ಅವ್ವ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಒಂದು ಪ್ರಶ್ನೆ ಕೇಳಿದಳು. ಪತ್ರಿಕೆಯವನಾಗಿ ಬಹಳ ಜನರನ್ನು ಪ್ರಶ್ನೆ ಕೇಳಿದ್ದೇನೆ. ಇಂಥದ್ದೊಂದನ್ನು ಯಾರಿಗೂ ಕೇಳಿಲ್ಲ. ಅದನ್ನೇ ಇಲ್ಲಿ ಬರೆದು ಅಂಕಣ ಮುಗಿಸುತ್ತೇನೆ.

"ಮತ್ತ ಒಂಬತ್ತ ದಿನ ನನ್ನ ಯಾಕ ಅಂಜಾಕ ಬಿಟ್ಟಿ?"